ಮೂರನೇ ಬುಧವಾರಕ್ಕೆ ಮಗ ಮತ್ತೆ ಆಡಬಹುದಾ?

ಪ್ರಶ್ನೆ: ನಾವು ಮೈಸೂರಿನವರು. 16 ವರ್ಷದಿಂದ ಇಂಗ್ಲೆಂಡಿನ ರೆಡಿಂಗ್ ಹತ್ತಿರ ಇದ್ದೇವೆ. ದೊಡ್ಡ ಮಗನಿಗೆ 20, ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ. ಅಲ್ಲಿನ ರಗ್ಬಿ ಫಸ್ಟ್ ಟೀಮಿನಲ್ಲಿ ಫ್ಲಾಂಕರ್ ಆಗಿ ಆಡುತ್ತಾನೆ. ತಂಡ ಇರುವುದು ವಿಶ್ವವಿದ್ಯಾಲಯಗಳ ಮೇಲಿನ ಲೀಗಾದ ಬಕ್ಸ್ ಸೂಪರ್ ರಗ್ಬಿಗಿಂತ ಕೆಳಗಿನ ಹಂತದಲ್ಲಿ. ನವೆಂಬರಿನಲ್ಲಿ ಟ್ಯಾಕಲ್ ಮಾಡುವಾಗ, ಅಂದರೆ ಚೆಂಡು ಹಿಡಿದವನನ್ನು ಹಿಡಿದು ಕೆಡವುವಾಗ, ತಲೆಗೆ ಏಟು ಬಿದ್ದು ಕನ್ಕಶನ್ (ಮಿದುಳು ಅಲುಗಿ ಆಗುವ ಪೆಟ್ಟು) ಅಂದರು. ಒಂದು ವಾರ ತಲೆನೋವು ಇತ್ತು. ಸರಿಯಾಗಿ ಮೂರು ವಾರಕ್ಕೆ ಮತ್ತೆ ಪಂದ್ಯ ಆಡಿದ. ಈ ಫೆಬ್ರವರಿಯಲ್ಲಿ ಇನ್ನೊಂದು ಏಟು. ಈ ಸಲದ್ದು ಸಣ್ಣದು, ಎಚ್ಚರವೂ ತಪ್ಪಲಿಲ್ಲ. ಆದರೆ 12 ದಿನವಾದರೂ ಓದಲು ಕೂತರೆ ತಲೆ ನೋಯುತ್ತದೆ ಅನ್ನುತ್ತಾನೆ. ಸಿಟಿ ಸ್ಕ್ಯಾನ್ ಮಾಡಿ ಏನೂ ಇಲ್ಲ ಅಂದಿದ್ದಾರೆ. ಇನ್ನು ಮೂರು ವಾರಕ್ಕೆ ಮೇಲಿನ ಹಂತಕ್ಕೆ ಏರುವ ಪಂದ್ಯ ಇದೆಯಂತೆ, ಆಡಲೇಬೇಕು ಅಂತ ಹಟ ಹಿಡಿದಿದ್ದಾನೆ. ನಮ್ಮ ಮನೆಯವರು "ಇದು ಸೆಕೆಂಡ್ ಡಿವಿಷನ್, ಟಿವಿಯಲ್ಲಿ ನೋಡುವಷ್ಟು ಹೊಡೆತ ಇಲ್ಲಿರಲ್ಲ" ಅಂತಾರೆ. ನನಗಂತೂ ಆಟವನ್ನೇ ಬಿಡಿಸಬೇಕು ಅನ್ನಿಸುತ್ತಿದೆ. ತಲೆಗೆ ಹಾಕುವ ಸ್ಕ್ರಮ್ ಕ್ಯಾಪ್ ತಂದಿಟ್ಟಿದ್ದೇನೆ, ಅದರಿಂದ ಉಪಯೋಗ ಉಂಟಾ? ಮುಂದೆ ಇವನಿಗೆ ಮರೆವಿನ ಕಾಯಿಲೆ ಬರುತ್ತಾ? ಚಿಕ್ಕವನಿಗೆ 15. ಅವನೂ ಶಾಲೆಯ ತಂಡಕ್ಕೆ ಸೇರುತ್ತೇನೆ ಅಂತಿದ್ದಾನೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ ಅಮ್ಮಾ. ಮೂರು ವಾರದ ನಂತರದ ಆ ಪಂದ್ಯ ಬೇಡ. ಅವನನ್ನು ನಾನು ಪರೀಕ್ಷೆ ಮಾಡಿಲ್ಲ, ನಿಜ. ಆದರೂ ನೀವು ಬರೆದಿರುವುದಷ್ಟೇ ಸಾಕು, ಈ ಸೀಸನ್ ಅವನ ಪಾಲಿಗೆ ಮುಗಿಯಿತು ಅಂತಲೇ ನಾನು ಹೇಳುತ್ತೇನೆ. ರಗ್ಬಿಯನ್ನೇ ಬಿಡಿಸಬೇಕಾ ಅನ್ನುವುದು ಬೇರೆ ಪ್ರಶ್ನೆ. ಅದನ್ನು ಈ ತಿಂಗಳು, ತಲೆನೋವು ಇರುವಾಗಲೇ, ಜಗಳದ ನಡುವೆ ತೀರ್ಮಾನ ಮಾಡುವುದು ಬೇಡ.

ಯಾಕೆ ಅಂತ ಹೇಳುವ ಮೊದಲು ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಸೆಕೆಂಡ್ ಡಿವಿಷನ್ ಅಂದರೆ ಅಪಾಯ ಕಮ್ಮಿ ಅನ್ನುವ ನಂಬಿಕೆ ತುಂಬಾ ಜನಕ್ಕೆ ಇದೆ. ಈ ಮಟ್ಟದ ಪಂದ್ಯಗಳಲ್ಲಿ ಮೈದಾನದ ಅಂಚಿನ ಗೆರೆಯ ಪಕ್ಕ ನಿಂತು ವೈದ್ಯನಾಗಿ ಕೆಲಸ ಮಾಡಿದವನು ನಾನು. ಅದು ಅರ್ಧ ಮಾತ್ರ ನಿಜ.

ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಕ್ರೀಡೆಯನ್ನು ನಡೆಸುವ ಬಕ್ಸ್ ಸಂಸ್ಥೆ ಶುರುವಾಗಿದ್ದು 2008ರಲ್ಲಿ. 2016ರಲ್ಲಿ ಅದು ಗಂಡಸರ ರಗ್ಬಿಯ ಬಲಿಷ್ಠ ತಂಡಗಳನ್ನು ಬೇರೆ ಮಾಡಿ ಸೂಪರ್ ರಗ್ಬಿ ಅಂತ ಮೇಲಿನ ಹಂತ ಕಟ್ಟಿತು. ಅಲ್ಲಿಂದ ನೇರವಾಗಿ ವೃತ್ತಿಪರ ಕ್ಲಬ್‌ಗಳಿಗೆ ದಾರಿ ಇದೆ. ಹಾರ್ಲೆಕ್ವಿನ್ಸ್ ಕ್ಲಬ್ಬಿಗೆ ಆಡಿದ ಅಲೆಕ್ಸ್ ಡೊಂಬ್ರಾಂಟ್ ಕಾರ್ಡಿಫ್ ಮೆಟ್ ವಿಶ್ವವಿದ್ಯಾಲಯದಲ್ಲಿ ಆಡಿ ಹೋದವರೇ. ನಿಮ್ಮ ಮಗ ಆಡುವುದು ಅದರ ಕೆಳಗಿನ ಹಂತದಲ್ಲಿ. ಅಲ್ಲಿ ಆಟಗಾರರು ಸ್ವಲ್ಪ ಹಗುರ, ಓಟ ಸ್ವಲ್ಪ ನಿಧಾನ. ಡಿಕ್ಕಿಯ ರಭಸವೂ ಸರಾಸರಿಯಲ್ಲಿ ಕಮ್ಮಿಯೇ. ಯಜಮಾನರು ಹೇಳಿದ್ದರಲ್ಲಿ ನಿಜ ಇರುವುದು ಇಷ್ಟು.

ಇನ್ನರ್ಧ ಇರುವುದು ಮೈದಾನದ ಹೊರಗೆ. ಟಿವಿಯಲ್ಲಿ ದೊಡ್ಡ ಪಂದ್ಯ ನೋಡುವಾಗ ಗಮನಿಸಿರುತ್ತೀರಿ. ತಲೆಗೆ ಏಟು ಬಿದ್ದವನನ್ನು ಹೊರಗೆ ಕರೆದೊಯ್ಯುತ್ತಾರೆ. ವೈದ್ಯರು ವಿಡಿಯೊ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ, ನಡೆಸಿ ನೋಡುತ್ತಾರೆ. 12 ನಿಮಿಷದ ಆ ಪರೀಕ್ಷೆಯಲ್ಲಿ ಪಾಸಾದರೆ ಮತ್ತೆ ಒಳಗೆ ಬಿಡುತ್ತಾರೆ. 2024ರಿಂದ ಮೇಲ್ಮಟ್ಟದ ಆಟಗಾರರ ಮೌತ್‌ಗಾರ್ಡ್‌ನಲ್ಲೇ ಸೆನ್ಸರ್ ಇದೆ, ಜೋರಾದ ಏಟು ಬಿದ್ದರೆ ವೈದ್ಯರಿಗೆ ಸಂದೇಶ ಹೋಗುತ್ತದೆ. ನಿಮ್ಮ ಮಗನ ಪಂದ್ಯದಲ್ಲಿ ಇದ್ಯಾವುದೂ ಇರುವುದಿಲ್ಲ. ಇರುವುದು ಒಬ್ಬ ಫಿಸಿಯೊ, ಕೆಲವೊಮ್ಮೆ ಇನ್ನೂ ಕಲಿಯುತ್ತಿರುವ ಒಬ್ಬ ಸ್ಪೋರ್ಟ್ಸ್ ಥೆರಪಿ ವಿದ್ಯಾರ್ಥಿ. 30 ಜನ ಒಬ್ಬರ ಮೇಲೊಬ್ಬರು ಬಿದ್ದಿರುವಾಗ ಅವರೊಬ್ಬರ ಕಣ್ಣಿಗೆ ಎಲ್ಲವೂ ಬೀಳಬೇಕು ಅಂದರೆ ಹೇಗೆ? ಅದಕ್ಕೇ ಈ ಮಟ್ಟದ ನಿಯಮ ಬೇರೆ, ಸರಳ. ಕನ್ಕಶನ್ ಅನುಮಾನ ಬಂದರೆ ಹೊರಗೆ. ಆ ದಿನ ವಾಪಸ್ ಬರುವ ಹಾಗಿಲ್ಲ. ನನ್ನ ಮಟ್ಟಿಗೆ ಇದು ಟಿವಿಯ ಪದ್ಧತಿಗಿಂತ ಒಳ್ಳೆಯದು. ಆದರೆ ಅದು ಕೆಲಸ ಮಾಡಬೇಕಾದರೆ ಯಾರಾದರೂ ನೋಡಿರಬೇಕು, ಇಲ್ಲವೇ ಹುಡುಗ ಬಾಯಿ ಬಿಡಬೇಕು.

ಹುಡುಗರು ಬಾಯಿ ಬಿಡುವುದಿಲ್ಲ. ಅದಕ್ಕೆ ಕಾರಣ ಈ ಸೀಸನ್ ನಡೆಯುವ ರೀತಿಯಲ್ಲೇ ಇದೆ.

ಸೆಪ್ಟೆಂಬರ್ ಕೊನೆಗೆ ಕಾಲೇಜು ತೆರೆಯುತ್ತದೆ. ಸೆಲೆಕ್ಷನ್ ಮುಗಿದು ಅಕ್ಟೋಬರಿನಲ್ಲಿ ಲೀಗ್ ಶುರು. ಬಕ್ಸ್ ಪಂದ್ಯಗಳು ಬುಧವಾರ. ಡಿಸೆಂಬರಿನಲ್ಲಿ ರಜೆ ಬಂದರೆ ತಂಡವೆಲ್ಲ ಚದುರಿಹೋಗುತ್ತದೆ. ಜನವರಿಯಲ್ಲಿ ತುಂಬಾ ಕಡೆ ಪರೀಕ್ಷೆ. ಅದು ಮುಗಿಸಿ, ವಾರಗಟ್ಟಲೆ ಸರಿಯಾಗಿ ಟ್ಯಾಕಲ್ ಅಭ್ಯಾಸವೇ ಇಲ್ಲದೆ, ಚಳಿಗೆ ಗಟ್ಟಿಯಾದ ಇಲ್ಲವೇ ಕೆಸರಾದ ಮೈದಾನಕ್ಕೆ ಇಳಿಯುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಮೇಲೇರುವವರು ಯಾರು, ಇಳಿಯುವವರು ಯಾರು ಅನ್ನುವ ಲೆಕ್ಕಾಚಾರ. ಹೀಗಾಗಿ ಇಡೀ ಸೀಸನ್ನಿನಲ್ಲಿ ಸಿಗುವ ಲೀಗ್ ಪಂದ್ಯಗಳು ಹತ್ತರ ಆಚೀಚೆ. ಅದರಲ್ಲಿ ಮೂರು ತಪ್ಪಿದರೆ ಮುಕ್ಕಾಲುವಾಸಿ ಜಾಗ ಹೋಯಿತು ಅಂತಲೇ ಹುಡುಗರ ಎಣಿಕೆ. ಮೇಲಿನ ಹಂತದಲ್ಲಿ ಬದಲಿ ಆಟಗಾರರು ಸಾಲಾಗಿ ಇರುತ್ತಾರೆ. ಕೆಳಗಿನ ಹಂತದಲ್ಲಿ ಒಳ್ಳೆಯ ಫ್ಲಾಂಕರ್ ಇಬ್ಬರಿದ್ದರೆ ಜಾಸ್ತಿ. ನಾನು ಹೊರಗಿದ್ದರೆ ತಂಡ ಸೋಲುತ್ತದೆ ಅಂತ 20ರ ಹುಡುಗನಿಗೆ ಅನ್ನಿಸುವುದು ಸಹಜ ಅಲ್ವಾ?

ಇನ್ನೊಂದು ವಿಷಯ ತಂದೆತಾಯಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಬುಧವಾರ ರಾತ್ರಿ ಅಂದರೆ ಇಲ್ಲಿನ ವಿದ್ಯಾರ್ಥಿಗಳಿಗೆ ಆಟ ಮುಗಿಸಿ ಕುಡಿಯುವ ರಾತ್ರಿ. ತಲೆಗೆ ಏಟು ಬಿದ್ದ ಮೊದಲ 24 ಗಂಟೆ ಮದ್ಯ ಮುಟ್ಟಬಾರದು, ಒಬ್ಬನೇ ಇರಲೂಬಾರದು. ಆದರೆ ಗುರುವಾರ ಬೆಳಿಗ್ಗೆ ಇಡೀ ತಂಡಕ್ಕೇ ತಲೆನೋವು, ವಾಕರಿಕೆ, ಮಂಕು. ಅದರಲ್ಲಿ ಒಬ್ಬನದು ಮಾತ್ರ ಮಿದುಳಿನ ಏಟು. ಗುರುತಿಸುವವರು ಯಾರು? ಅವನಿಗೇ ಗೊತ್ತಾಗುವುದಿಲ್ಲ. ನಿಮ್ಮ ಮಗ ಕುಡಿಯುತ್ತಾನೆ ಅಂತ ನಾನು ಹೇಳುತ್ತಿಲ್ಲ. ಫೆಬ್ರವರಿಯ ಆ ರಾತ್ರಿ ಹೇಗೆ ಕಳೆದ, ಚೆನ್ನಾಗಿ ನಿದ್ದೆ ಮಾಡಿದನಾ ಅಂತ ಕೋಪವಿಲ್ಲದೆ ಕೇಳಿ. ವೈದ್ಯರಿಗೂ ಅದನ್ನು ಹೇಳಲಿ.

ಈಗ ಆ 'ಸರಿಯಾಗಿ ಮೂರು ವಾರ'ದ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತಂದದ್ದು ಇದೇ.

ಕ್ಲಬ್, ಶಾಲೆ, ಕಾಲೇಜು ಮಟ್ಟದ ಆಟಕ್ಕೆ ಬ್ರಿಟನ್ ಸರ್ಕಾರ 2023ರ ಏಪ್ರಿಲ್‌ನಲ್ಲಿ ಮಾರ್ಗಸೂಚಿ ತಂದಿತು. ಏಟು ಬಿದ್ದ ದಿನವನ್ನು ಸೊನ್ನೆ ಅಂತ ಹಿಡಿದರೆ 21ನೇ ದಿನಕ್ಕಿಂತ ಮೊದಲು ಪಂದ್ಯ ಆಡುವ ಹಾಗಿಲ್ಲ. ಬುಧವಾರ ಏಟು ಬಿದ್ದರೆ 21ನೇ ದಿನ ಯಾವುದು? ಮೂರನೇ ಬುಧವಾರ, ಅಂದರೆ ಪಂದ್ಯದ ದಿನವೇ. ಹೀಗೆ ಕ್ಯಾಲೆಂಡರಿನಲ್ಲಿ ಸರಿಯಾಗಿ ಕೂತುಬಿಟ್ಟಿದ್ದರಿಂದ "ಎರಡು ಪಂದ್ಯ ತಪ್ಪುತ್ತೆ, ಮೂರನೆಯದಕ್ಕೆ ರೆಡಿ" ಅನ್ನುವ ಲೆಕ್ಕ ಹುಡುಗರ ಬಾಯಲ್ಲಿ ಬಂದುಬಿಟ್ಟಿದೆ. 21 ಅನ್ನುವುದು ಕನಿಷ್ಠ ಮಿತಿ. ಅದನ್ನೇ ವಾಪಸಾಗುವ ತಾರೀಖು ಅಂದುಕೊಳ್ಳುತ್ತಾರೆ.

ಅದರ ಜೊತೆಗೇ ಇರುವ ಇನ್ನೊಂದು ಷರತ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುಮ್ನೆ ಕೂತಿರುವಾಗ ಯಾವ ತೊಂದರೆಯೂ ಇಲ್ಲದೆ 14 ದಿನ ಕಳೆದಿರಬೇಕು. ಆಮೇಲೆ ಮಾತ್ರ ತಲೆಗೆ ತಾಗುವಂಥ ಅಭ್ಯಾಸ, ಅಂದರೆ ಟ್ಯಾಕಲ್ ಅಭ್ಯಾಸ. ಅದು ಸರಿಹೋದರೆ ಪಂದ್ಯ. ನವೆಂಬರಿನಲ್ಲಿ ನಿಮ್ಮ ಮಗನಿಗೆ ಒಂದು ವಾರ ತಲೆನೋವು ಇತ್ತು ಅಂದಿರಿ. ಏಳನೇ ದಿನ ನೋವು ನಿಂತಿತು ಅಂತ ಇಟ್ಟುಕೊಂಡರೂ 14 ಸೇರಿದರೆ 21. ಅಂದರೆ 21ನೇ ದಿನ ಅವನು ಟ್ಯಾಕಲ್ ಅಭ್ಯಾಸ ಶುರು ಮಾಡಬಹುದಿತ್ತು. ಪಂದ್ಯಕ್ಕೆ ನಾಲ್ಕನೇ ಬುಧವಾರದವರೆಗೆ ಕಾಯಬೇಕಿತ್ತು. ಅವನು ಒಂದು ವಾರ ಮೊದಲೇ ಇಳಿದಿದ್ದಾನೆ. ಒಂದೋ ತಲೆನೋವು ಇದ್ದದ್ದನ್ನು ಅವನು ಹೇಳಿಲ್ಲ, ಇಲ್ಲವೇ ಕೇಳಬೇಕಾದವರು ಕೇಳಿಲ್ಲ. ಯಾರ ತಪ್ಪು ಅಂತ ಹುಡುಕುವುದಕ್ಕೆ ಇದನ್ನು ಹೇಳುತ್ತಿಲ್ಲ. ಈ ಸಲವೂ ಅದೇ ಲೆಕ್ಕ ನಡೆಯುತ್ತಿದೆ, ಅದಕ್ಕೆ ಹೇಳುತ್ತಿದ್ದೇನೆ. ಇವತ್ತೇ ತಲೆನೋವು ನಿಂತರೆ 14 ದಿನಕ್ಕೆ ಅಭ್ಯಾಸ, 21ಕ್ಕೆ ಪ್ಲೇಆಫ್, ಅಂದರೆ ಮೇಲೇರುವ ಆ ಪಂದ್ಯ. ಕಾಗದದ ಮೇಲೆ ಆಗಬಹುದು ಅನ್ನಿಸುತ್ತದೆ. ಅದಕ್ಕೇ ಅವನು ಹಟ ಹಿಡಿದಿರುವುದು.

ಕಾಗದ ಒಪ್ಪಿದರೂ ನಾನು ಒಪ್ಪುವುದಿಲ್ಲ. ನಾಲ್ಕು ತಿಂಗಳೊಳಗೆ ಇದು ಎರಡನೆಯದು. ಅದೂ ಮೊದಲಿಗಿಂತ ಸಣ್ಣ ಏಟು, ಆದರೆ ಮೊದಲಿಗಿಂತ ಜಾಸ್ತಿ ದಿನದ ತೊಂದರೆ. ಕಮ್ಮಿ ರಭಸಕ್ಕೆ ಹೆಚ್ಚು ತೊಂದರೆ ಅನ್ನುವ ಈ ಲಕ್ಷಣ ಕಂಡರೆ ನಾವು ವೈದ್ಯರು ನಿಂತು ಯೋಚಿಸುತ್ತೇವೆ. ಏಟಿನ ನಂತರ ಮಿದುಳಿನ ಜೀವಕೋಶಗಳಿಗೆ ಶಕ್ತಿ ಹೆಚ್ಚು ಬೇಕು, ಅದೇ ಸಮಯದಲ್ಲಿ ಪೂರೈಕೆ ತಗ್ಗಿರುತ್ತದೆ. ಆ ಅವಧಿಯಲ್ಲಿ ಇನ್ನೊಂದು ಏಟು ಬಿದ್ದರೆ ಚೇತರಿಕೆ ವಾರಗಳಿಂದ ತಿಂಗಳಿಗೆ ಎಳೆಯಬಹುದು. ಬಹಳ ಅಪರೂಪಕ್ಕೆ, ಮುಖ್ಯವಾಗಿ ಎಳೆಯ ವಯಸ್ಸಿನವರಲ್ಲಿ, ಮಿದುಳು ಊದಿಕೊಂಡು ಪ್ರಾಣಕ್ಕೇ ಬರುತ್ತದೆ. 2011ರಲ್ಲಿ ಉತ್ತರ ಐರ್ಲೆಂಡಿನಲ್ಲಿ 14ರ ಹುಡುಗನೊಬ್ಬ ಶಾಲಾ ಪಂದ್ಯದಲ್ಲಿ ಹೀಗೆ ತೀರಿಕೊಂಡ. ಇದು ನಿಮ್ಮ ಮಗನಿಗೆ ಆಗುತ್ತದೆ ಅಂತಲ್ಲ. ಈ ನಿಯಮಗಳೆಲ್ಲ ಯಾಕೆ ಬಂದವು ಅನ್ನುವುದು ಅವನಿಗೆ ಗೊತ್ತಿರಲಿ.

ಸ್ಕ್ಯಾನ್ ಚೆನ್ನಾಗಿದೆ ಅನ್ನುವುದು ಸಮಾಧಾನದ ವಿಷಯ. ತಲೆಬುರುಡೆ ಒಡೆದಿಲ್ಲ, ರಕ್ತಸ್ರಾವ ಇಲ್ಲ ಅಂತ ಅದರ ಅರ್ಥ. ಕನ್ಕಶನ್ ವಾಸಿಯಾಗಿದೆ ಅಂತ ಅಲ್ಲ. ಗೋಡೆಯ ಫೋಟೊ ತೆಗೆದರೆ ಒಳಗಿನ ವೈರಿನಲ್ಲಿ ಕರೆಂಟು ಸರಿಯಾಗಿ ಹರಿಯುತ್ತಿದೆಯಾ ಅಂತ ಗೊತ್ತಾಗುವುದಿಲ್ಲವಲ್ಲ, ಹಾಗೆ. ಎಚ್ಚರ ತಪ್ಪಲಿಲ್ಲ ಅನ್ನುವುದಕ್ಕೂ ಜಾಸ್ತಿ ಬೆಲೆ ಕೊಡಬೇಡಿ. ಕನ್ಕಶನ್ ಆದವರಲ್ಲಿ ಎಚ್ಚರ ತಪ್ಪುವವರು ನೂರಕ್ಕೆ ಹತ್ತು ಜನವೂ ಇಲ್ಲ.

ನಮ್ಮ ಕಡೆ ಮನೆಗಳಲ್ಲಿ ಇನ್ನೊಂದು ಮಾತಿದೆ: ತಲೆಗೆ ಏಟಾದರೆ ನಿದ್ದೆ ಮಾಡಲು ಬಿಡಬಾರದು ಅಂತ. ವೈದ್ಯರು ನೋಡಿ ಅಪಾಯದ ಲಕ್ಷಣ ಇಲ್ಲ ಅಂದಮೇಲೆ ಮಲಗಬಹುದು, ಮಲಗಬೇಕು ಕೂಡ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸಿಡುವುದೂ ಈಗ ಹಳೆಯ ಪದ್ಧತಿ. ಮೊದಲ ಒಂದೆರಡು ದಿನ ವಿಶ್ರಾಂತಿ, ಮೊಬೈಲ್ ಕಮ್ಮಿ. ಆಮೇಲೆ ನಡಿಗೆ, ಹಗುರ ಸೈಕಲ್. ತಲೆನೋವು ಸ್ವಲ್ಪ ಏರಿ ಬೇಗ ಇಳಿದರೆ ಪರವಾಗಿಲ್ಲ. ಓದಿಗೂ ಇದೇ ಅಳತೆ. 20 ನಿಮಿಷ ಓದಿ ಎದ್ದು ನಡೆಯಲಿ. ಓದು ಮೊದಲಿನ ಹಾಗೆ ಆದ ಮೇಲೇ ಆಟದ ಮಾತು. ಹತ್ತಿರದಲ್ಲಿ ಪರೀಕ್ಷೆಯೋ ಅಸೈನ್‌ಮೆಂಟೋ ಇದ್ದರೆ ಈಗಲೇ ವಿಭಾಗಕ್ಕೆ ಬರೆದು ಸಮಯ ಕೇಳಲಿ. ಹೀಗೆ ಕೇಳಲು ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ದಾರಿ ಇದೆ. ಹುಡುಗರು ನಾಚಿಕೆಪಟ್ಟು ಬಿಟ್ಟುಬಿಡುತ್ತಾರೆ, ಅಷ್ಟೇ.

ಸ್ಕ್ರಮ್ ಕ್ಯಾಪ್ ಬಗ್ಗೆ ಕೇಳಿದಿರಿ. ಕಿವಿ ಜಜ್ಜಿ ಊದುವುದು, ಚರ್ಮ ಹರಿಯುವುದು ಅದರಿಂದ ತಪ್ಪುತ್ತದೆ. ಕನ್ಕಶನ್ ತಪ್ಪುವುದಿಲ್ಲ. ಯಾಕಂದರೆ ಬುರುಡೆಯ ಹೊರಗೆ ತಾಗುವುದಕ್ಕಿಂತ ತಲೆ ಝಾಡಿಸಿದ ಹಾಗೆ ತಿರುಗಿ ಒಳಗೆ ಮಿದುಳು ಅಲುಗುವುದು ಮುಖ್ಯ ಕಾರಣ. ಸ್ಪಂಜಿನ ಟೋಪಿ ಅದನ್ನು ತಡೆಯಲಾರದು. ಕ್ಯಾಪ್ ಇದೆ ಅಂತ ಇನ್ನೂ ಧೈರ್ಯವಾಗಿ ತಲೆ ಹಾಕುವವರನ್ನು ನಾನು ನೋಡಿದ್ದೇನೆ. ತಂದಿದ್ದೀರಿ, ಇರಲಿ. ಅದನ್ನು ನಂಬಿ ಮಾತ್ರ ಕಳಿಸಬೇಡಿ.

ನಿಜವಾಗಿ ಕಾಪಾಡುವುದು ಟ್ಯಾಕಲ್ ಮಾಡುವ ರೀತಿ. ವೃತ್ತಿಪರ ಪಂದ್ಯಗಳ ತಲೆ ಏಟುಗಳನ್ನು ಲೆಕ್ಕ ಹಾಕಿದಾಗ ಸುಮಾರು ಮುಕ್ಕಾಲು ಭಾಗ ಟ್ಯಾಕಲ್‌ನಲ್ಲೇ ಆಗಿದ್ದವು. ಅದರಲ್ಲೂ ಹೆಚ್ಚು ಏಟು ಬಿದ್ದದ್ದು ಚೆಂಡು ಹಿಡಿದವನಿಗಲ್ಲ, ಹಿಡಿಯಲು ಹೋದವನಿಗೆ. ಎದೆ ಎತ್ತಿ ನಿಂತೇ ಹೋದರೆ ತಲೆಗೆ ತಲೆ ಬಡಿಯುತ್ತದೆ. ಅದಕ್ಕೇ ಇಂಗ್ಲೆಂಡಿನ ರಗ್ಬಿ ಮಂಡಳಿ 2023ರ ಜುಲೈ 1ರಿಂದ ಕೆಳಗಿನ ಹಂತಗಳ ಆಟದಲ್ಲಿ ಟ್ಯಾಕಲ್ ಎತ್ತರವನ್ನು ಎದೆಮೂಳೆಯ ಬುಡಕ್ಕೆ ಇಳಿಸಿತು. ಫ್ಲಾಂಕರ್ ಅಂದರೆ ಪಂದ್ಯದುದ್ದಕ್ಕೂ ಟ್ಯಾಕಲ್ ಮಾಡುವುದೇ ಕೆಲಸ. ನಿಮ್ಮ ಮಗನಿಗೆ ಎರಡು ಸಲವೂ ಟ್ಯಾಕಲ್‌ನಲ್ಲೇ ಆಯಿತಾ, ಒಂದೇ ಭುಜದ ಕಡೆಯಾ, ತಲೆ ಎಲ್ಲಿಟ್ಟಿದ್ದ ಅಂತ ಕೋಚ್ ಜೊತೆ ಕೂತು ವಿಡಿಯೊ ಇದ್ದರೆ ನೋಡಲಿ. ಸರಿಮಾಡಬಹುದಾದ ತಪ್ಪು ಸಿಕ್ಕರೆ ಮುಂದಿನ ವರ್ಷದ ಯೋಚನೆಗೆ ಒಂದು ಆಧಾರ ಆಗುತ್ತದೆ. ಎಲ್ಲ ಸರಿಯಾಗಿ ಮಾಡಿಯೂ ಏಟಾಗಿದ್ದರೆ ಅದೂ ಗೊತ್ತಾಗಬೇಕಾದ ವಿಷಯವೇ.

ಇನ್ನು ಮರೆವಿನ ಕಾಯಿಲೆ. ಇಂಗ್ಲೆಂಡಿಗೆ 2003ರ ವಿಶ್ವಕಪ್ ಗೆದ್ದುಕೊಟ್ಟ ತಂಡದ ಸ್ಟೀವ್ ಥಾಮ್ಸನ್ 40 ದಾಟಿದ ಸ್ವಲ್ಪ ದಿನಕ್ಕೇ ಡಿಮೆನ್ಶಿಯಾ ಇದೆ ಅಂತ 2020ರಲ್ಲಿ ಹೇಳಿಕೊಂಡರು. ಅದನ್ನು ಕೇಳಿದ ಮೇಲೆ ಯಾವ ತಾಯಿಗೆ ನಿದ್ದೆ ಬರುತ್ತದೆ? ನಿಮ್ಮ ಭಯ ಸುಳ್ಳಲ್ಲ. ಸ್ಕಾಟ್ಲೆಂಡಿನ ಮಾಜಿ ಅಂತರರಾಷ್ಟ್ರೀಯ ಆಟಗಾರರು 412 ಮಂದಿಯನ್ನು ಸಾಮಾನ್ಯ ಜನರ ಜೊತೆ ಹೋಲಿಸಿದ ಅಧ್ಯಯನ 2022ರಲ್ಲಿ ಬಂತು. ಮಿದುಳು ಸವೆಯುವ ಕಾಯಿಲೆಗಳು ಇವರಲ್ಲಿ ಸುಮಾರು ಎರಡೂವರೆ ಪಟ್ಟು ಇದ್ದವು. ಆದರೆ ಅವರು ದೇಶಕ್ಕಾಗಿ ಆಡುವ ಮಟ್ಟಕ್ಕೆ ಏರಿದವರು. ಅಷ್ಟು ದೂರ ಹೋಗುವವರು ತಲೆಗೆ ತಿನ್ನುವ ಸಣ್ಣಪುಟ್ಟ ಏಟು ಎಷ್ಟೋ. ಮೂರು ವರ್ಷ ಕಾಲೇಜು ಆಟ ಆಡಿದವನಿಗೆ ಆ ಲೆಕ್ಕವನ್ನು ಹಾಗೇ ಹಚ್ಚಲಾಗದು. ಎರಡು ಕನ್ಕಶನ್ ಆಯಿತು, ಪೂರ್ತಿ ವಾಸಿಯಾಯಿತು ಅಂದರೆ ಮುಂದೆ ಕಾಯಿಲೆ ಬಂದೇ ಬರುತ್ತದೆ ಅಂತ ಯಾರೂ ಹೇಳಲಾರರು. ಬರುವುದೇ ಇಲ್ಲ ಅಂತ ಬರೆದುಕೊಡುವವರೂ ಇಲ್ಲ. ಒಟ್ಟು ಎಷ್ಟು ವರ್ಷ, ಎಷ್ಟು ಏಟು ಅನ್ನುವುದು ಮುಖ್ಯ ಅಂತ ಈಗಿನ ತಿಳಿವಳಿಕೆ. ಹಾಗಾಗಿ ಕಮ್ಮಿ ಮಾಡಿಕೊಳ್ಳಲು ಸಾಧ್ಯವಿರುವ ಏಟನ್ನೆಲ್ಲ ಕಮ್ಮಿ ಮಾಡಿಕೊಳ್ಳಬೇಕು. ಇದೇ ಕಾರಣಕ್ಕೆ ಒಂದು ವಿಷಯ ವಿಚಾರಿಸಿ. ಬುಧವಾರ ಕಾಲೇಜಿಗೆ ಆಡಿ ಶನಿವಾರ ಊರಿನ ಕ್ಲಬ್ಬಿಗೂ ಆಡುವವರು ಈ ಹಂತದಲ್ಲಿ ತುಂಬಾ ಜನ. ನಿಮ್ಮ ಮಗನೂ ಹಾಗೆ ಆಡುತ್ತಿದ್ದರೆ ಅವನ ತಲೆಗೆ ವಾರಕ್ಕೆ ಎರಡು ಪಂದ್ಯ. ಕಾಲೇಜಿನ ಫಿಸಿಯೊಗೆ ಶನಿವಾರದ್ದು ಗೊತ್ತಿರುವುದಿಲ್ಲ, ಕ್ಲಬ್ಬಿನವರಿಗೆ ಬುಧವಾರದ್ದು ಗೊತ್ತಿರುವುದಿಲ್ಲ.

ಹಾಗಾದರೆ ಮುಂದೇನು? ನನಗೆ ಸರಿ ಅನ್ನಿಸುವುದು ಇದು. ಈ ಸೀಸನ್ ಇಲ್ಲಿಗೆ ನಿಲ್ಲಿಸಲಿ. ಒಂದು ವರ್ಷದೊಳಗೆ ಎರಡನೇ ಕನ್ಕಶನ್ ಆದ್ದರಿಂದ ಜಿಪಿ (ಮೊದಲು ತೋರಿಸುವ ಸಾಮಾನ್ಯ ವೈದ್ಯರು) ಮೂಲಕ ಕನ್ಕಶನ್ ನೋಡುವ ತಜ್ಞರ ಹತ್ತಿರ ಹೋಗಲಿ. ಕುತ್ತಿಗೆ, ಕಣ್ಣಿನ ಚಲನೆ, ಸಮತೋಲ ಎಲ್ಲ ನೋಡಬೇಕು. ಓದುವಾಗ ಮಾತ್ರ ಬರುವ ತಲೆನೋವಿಗೆ ಎಷ್ಟೋ ಸಲ ಕುತ್ತಿಗೆ ಅಥವಾ ಕಣ್ಣು ಕಾರಣ ಇರುತ್ತದೆ. ಅದಕ್ಕೆ ಚಿಕಿತ್ಸೆ ಇದೆ. 28 ದಿನ ದಾಟಿದರೂ ತೊಂದರೆ ಇದ್ದರಂತೂ ತಡ ಮಾಡಬೇಡಿ. ಬೇಸಿಗೆಯಲ್ಲಿ ಕುತ್ತಿಗೆಯ ಬಲ, ಟ್ಯಾಕಲ್ ಅಭ್ಯಾಸ. ಆಗಸ್ಟಿನಲ್ಲಿ ಮತ್ತೆ ತಜ್ಞರನ್ನು ನೋಡಿ, ಸೆಪ್ಟೆಂಬರಿಗೆ ಆಡುವುದಾ ಬೇಡವಾ ಅಂತ ಅವನೇ ನಿರ್ಧರಿಸಲಿ. ಆಡಿದರೆ ಮೂರನೆಯದಾಗುವ ಸಾಧ್ಯತೆ ಉಳಿದೇ ಇರುತ್ತದೆ. ಒಮ್ಮೆ ಆದವರಿಗೆ ಮತ್ತೆ ಆಗುವ ಸಂಭವ ಹೆಚ್ಚು. ಇದನ್ನು ಅವನಿಂದ ಮುಚ್ಚಿಡಬಾರದು.

ಸೆಕೆಂಡ್ ಟೀಮಿಗೆ ಇಳಿದು ಹಗುರವಾಗಿ ಆಡುತ್ತೇನೆ ಅಂದರೆ ಒಪ್ಪಬೇಡಿ. ಅಲ್ಲಿ ಟ್ಯಾಕಲ್ ಇನ್ನೂ ಒರಟು, ನೋಡಿಕೊಳ್ಳುವವರು ಇನ್ನೂ ಕಮ್ಮಿ. ಟಚ್ ರಗ್ಬಿ ಬೇರೆ ಮಾತು, ಅದರಲ್ಲಿ ಟ್ಯಾಕಲ್ಲೇ ಇಲ್ಲ. ವಾಸಿಯಾದ ಮೇಲೆ ಅದು ಒಳ್ಳೆಯ ದಾರಿ. ರೆಫರಿ ತರಬೇತಿ ಪಡೆದು ಆಟದೊಳಗೇ ಉಳಿದ ಹುಡುಗರೂ ಇದ್ದಾರೆ.

ಪೂರ್ತಿ ಬಿಡುವುದೂ ಗೌರವದ ನಿರ್ಧಾರವೇ. ಆದರೆ ಅದು ನಿಮ್ಮ ಆಜ್ಞೆಯಾಗಿ ಬಂದರೆ ಏನಾಗುತ್ತದೆ ಯೋಚಿಸಿ. ಅವನಿಗೆ 20. ಇಲ್ಲಿನ ಕಾನೂನಿನಲ್ಲಿ ಅವನು ದೊಡ್ಡವನು. ಅವನು ಒಪ್ಪದೆ ಕಾಲೇಜಿನವರಾಗಲಿ ವೈದ್ಯರಾಗಲಿ ನಿಮಗೆ ಏನೂ ಹೇಳುವುದಿಲ್ಲ. ಬಿಡು ಅಂತ ಗದರಿದರೆ ಮುಂದಿನ ಏಟು ನಿಮ್ಮ ಕಿವಿಗೇ ಬೀಳುವುದಿಲ್ಲ. ಈಗ ತಲೆನೋವು ಇದೆ ಅಂತ ನಿಮಗೆ ಹೇಳಿದ್ದಾನಲ್ಲ, ಅದು ದೊಡ್ಡದು. ಆ ಮಾತು ನಿಲ್ಲದಂತೆ ನೋಡಿಕೊಳ್ಳಿ. "ಪ್ಲೇಆಫ್ ಬೇಡ, ಸೆಪ್ಟೆಂಬರಿನ ಮಾತು ಆಗಸ್ಟಿನಲ್ಲಿ, ತಜ್ಞರ ಹತ್ತಿರ ನಾನೂ ಬರುತ್ತೇನೆ" ಅಂತ ಹೇಳಿ ನೋಡಿ. ಆಟ, ಗೆಳೆಯರು ಒಟ್ಟಿಗೆ ಕೈತಪ್ಪಿದಾಗ ಮನಸ್ಸು ಕುಗ್ಗುತ್ತದೆ. ಕನ್ಕಶನ್ ತಾನೇ ಮನಸ್ಸನ್ನು ಮಂಕು ಮಾಡುತ್ತದೆ. ಸಿಟ್ಟು, ನಿದ್ದೆಗೇಡು, ಸುಮ್ಮನಾಗುವುದು ಕಂಡರೆ ಅದನ್ನೂ ವೈದ್ಯರಿಗೆ ಹೇಳಿ. ಪಂದ್ಯದ ದಿನ ತಂಡದ ಜೊತೆ ನಿಲ್ಲಲು ಹೋಗಲಿ, ತಡೆಯಬೇಡಿ.

ತಲೆನೋವು ಏರುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಕೈಕಾಲು ಬಲ ತಪ್ಪಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದ ಮಂಪರು ಇದ್ದರೆ ಸೀದಾ ತುರ್ತು ಸೇವೆಯ 999ಕ್ಕೆ ಫೋನ್ ಮಾಡಿ. ಹೊಸದಾಗಿ ಏಟು ಬಿದ್ದ ದಿನ ಇಂಥದ್ದು ಏನೂ ಇಲ್ಲದಿದ್ದರೂ 24 ಗಂಟೆಯೊಳಗೆ ವೈದ್ಯಕೀಯ ಸಲಹೆಯ 111ಕ್ಕೆ ಫೋನ್ ಮಾಡಿ ಕೇಳಬೇಕು.

ಚಿಕ್ಕವನ ವಿಷಯ. 15ರ ಹುಡುಗನಿಗೂ 21 ದಿನದ ನಿಯಮ ಹಾಗೇ ಇದೆ. ಆಟದ ಮೊದಲು ಮಾಡಿಸುವ 'ಆಕ್ಟಿವೇಟ್' ಅನ್ನುವ ವ್ಯಾಯಾಮದ ಕ್ರಮವೊಂದನ್ನು ಇಂಗ್ಲೆಂಡಿನ ರಗ್ಬಿ ಮಂಡಳಿ ಮತ್ತು ಬಾತ್ ವಿಶ್ವವಿದ್ಯಾಲಯ ಸೇರಿ ಮಾಡಿದ್ದಾರೆ. ಕುತ್ತಿಗೆಯ ಬಲ, ಸಮತೋಲ, ಸರಿಯಾಗಿ ನೆಲಕ್ಕೆ ಇಳಿಯುವುದು ಎಲ್ಲ ಅದರಲ್ಲಿದೆ. 14ರಿಂದ 18ರ ಶಾಲಾ ಹುಡುಗರಲ್ಲಿ ಮಾಡಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ಸಲ ತಪ್ಪದೆ ಮಾಡಿಸಿದ ತಂಡಗಳಲ್ಲಿ ಪಂದ್ಯದ ಗಾಯ ಶೇ 72, ಕನ್ಕಶನ್ ಶೇ 59 ಕಮ್ಮಿಯಾಗಿದ್ದವು. ಸೇರಿಸುವ ಮೊದಲು ಶಾಲೆಗೆ ಹೋಗಿ ಎರಡು ವಿಷಯ ಕೇಳಿ: ಇದನ್ನು ವಾರಕ್ಕೆ ಎಷ್ಟು ಸಲ ಮಾಡಿಸುತ್ತೀರಿ? ತಲೆಗೆ ಏಟಾದ ಹುಡುಗನನ್ನು ಹೊರಗೆ ಕರೆಯುವ ಅಧಿಕಾರ ಕೋಚ್ ಬಿಟ್ಟು ಇನ್ನು ಯಾರಿಗಿದೆ? ಎರಡಕ್ಕೂ ತಡವರಿಸದೆ ಉತ್ತರ ಬಂದರೆ ಸೇರಿಸಿ.